ಜೂಹೆರಳ ಮಾತಿಗೆ ಊರಿನ ಸಾಕ್ಷಿ

ಕಬೈಲ್ ಬೆಟ್ಟದ ಎಣ್ಣೆಗಾಣದವನ ಮಗಳು ಜೂಹೆರಳಿಗೆ ಇದ್ದ ಆಸ್ತಿ ಗಂಟಲೊಂದೇ. ಈ ದಿಣ್ಣೆಯಿಂದ ಕೂಗಿದರೆ ಆ ದಿಣ್ಣೆಯ ಮೇಕೆಗಳು ತಿರುಗಿ ನೋಡುತ್ತಿದ್ದವು. ಆ ಗಂಟಲೇ ಅವಳನ್ನು ರಾಜಧಾನಿ ಅಲ್ಜಿಯರ್ಸಿಗೆ ಕರೆತಂದು, ರೇಡಿಯೊದಲ್ಲಿ ತಾಯ್ನುಡಿಯ ವಾರ್ತೆ ಓದಲು ಕೂರಿಸಿತು. ಸ್ವಾತಂತ್ರ್ಯ ಬಂದು ಹತ್ತು ವರ್ಷ ದಾಟಿತ್ತು. ಆಳುವವರಿಗೆ ಬೇಕಿದ್ದದ್ದು ಅರಬ್ಬಿ. ಬೆಟ್ಟದವರ ಮಾತನ್ನು ಪಕ್ಕದ ಮನೆ ಬೆಕ್ಕಿನಂತೆ ಸಹಿಸಿಕೊಂಡಿದ್ದರು.

ಜೂಹೆರ್ ಮಾಡಿದ ಅಪರಾಧವಾದರೂ ಏನು? ಕನ್ನಡದಲ್ಲಿ ‘ಕಲಿ’ಗೆ ಬಾಲ ಕಟ್ಟಿದರೆ ‘ಕಲಿಸು’ ಆಗುತ್ತದಲ್ಲ, ಅವಳ ಜನ ಅದನ್ನೇ ಮಾತಿನ ತಲೆಗೆ ‘ಸ’ ಹಚ್ಚಿ ಮಾಡುತ್ತಾರೆ. ‘ಕಲಿ’ ಎಂಬರ್ಥದ ‘ಎಲ್ಮದ್’ಗೆ ಹಾಗೇ ಹಚ್ಚಿ, ಮೇಷ್ಟ್ರಿಗಿದ್ದ ಅರಬ್ಬಿ ಹೆಸರು ಬಿಟ್ಟು ‘ಅಸೆಲ್ಮದ್’, ಅಂದರೆ ಕಲಿಸುವವನು, ಎಂದು ಹೊಸ ಹೆಸರು ಕಟ್ಟಿ ವಾರ್ತೆಯಲ್ಲಿ ಓದಿಬಿಟ್ಟಳು.

ಮರುದಿನವೇ ರೇಡಿಯೊ ಮುಖ್ಯಸ್ಥ ಸಿ ರಾಬಹ್ ಕರೆಸಿದ.

“ಯಾವ ಗುಂಪಿನವರು ಹೇಳಿಕೊಟ್ರು ಇದನ್ನ?”

“ಯಾರೂ ಇಲ್ಲ ಸಾಹೇಬ್ರೇ. ನಮ್ಮೂರಲ್ಲಿ ಎಲ್ರೂ ಹಂಗೇ ಅನ್ನೋದು.” ಹೆದರಿಕೆಗೆ ಬಾಯಿಗೆ ಬಂದ ಸುಳ್ಳು.

“ಇವತ್ತು ಮಾತಿಗೊಂದು ಅಕ್ಷರ ಹಚ್ತೀರಿ, ನಾಳೆ ಗೋಡೆಗೆ ಬಾವುಟ ಹಚ್ತೀರಿ. ಆಗ್ಲಿ, ಊರನ್ನೇ ಕೇಳೋಣ.”

ಒಂದಕ್ಷರಕ್ಕೆ ನಡುಗುವ ಕುರ್ಚಿಯಲ್ಲಿ ಕೂತವನಿಗೆ ಇಡೀ ದೇಶವೇ ಕಳ್ಳರ ಸಂತೆ!

ಊರು ‘ಇಲ್ಲ’ವೆಂದರೆ ಅವಳ ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಇಲ್ಲವೆನ್ನದೆ ಇನ್ನೇನು ಹೇಳೀತು? ಹಿಂದಿನ ವಾರವಷ್ಟೇ ಊರಿಗೆ ಹೋಗಿ ಆ ಹೊಸ ಹೆಸರನ್ನು ಹೇಳಿ ತೋರಿಸಿದಾಗ ಸೋದರತ್ತೆ ಊಯಿಜಾ ಅವಳನ್ನು ಹೆಂಗಸರೆದುರೇ ಆಡಿಕೊಂಡಿದ್ದಳು: “ಮನೇಲಿ ಅದನ್ನ ಅಂದು ನೋಡಿದೆ ಕಣೇ, ಮೇಷ್ಟ್ರನ್ನ ಕರೆದ ಹಂಗಿರ್ಲಿಲ್ಲ, ಕೋಳಿ ಓಡಿಸಿದ ಹಂಗಿತ್ತು.”

ಇಬ್ಬರು ಗಂಡಸರು ಅವಳನ್ನು ಕಾರಿನಲ್ಲಿ ಊರಿಗೆ ಕರೆದೊಯ್ದರು. ತುಟಿ ಬಿಚ್ಚಕೂಡದೆಂದು ತಾಕೀತಾಗಿತ್ತು. ಬುಗ್ಗೆಯ ಬಳಿ ಕೊಡ ತುಂಬುತ್ತಿದ್ದ ಹೆಂಗಸರು ಕಾರಿನತ್ತ ತಿರುಗಿದರು.

“ಅಸೆಲ್ಮದ್ ಅಂದ್ರೆ ಏನಮ್ಮಾ? ಗೊತ್ತಾ ಯಾರಿಗಾದ್ರೂ?” ಎಂದ ಒಬ್ಬ, ಬಾಯಲ್ಲಿ ಬೆಣ್ಣೆ ಇಟ್ಟುಕೊಂಡವನಂತೆ.

ಊಯಿಜಾ ಅವನ ಮುಖ ನೋಡಲಿಲ್ಲ, ಹೊಳೆಯುವ ಬೂಟು ನೋಡಿದಳು. ಆಮೇಲೆ ಕಾರಿನೊಳಗೆ ಬಿಳಿಚಿಕೊಂಡಿದ್ದ ಸೋದರಸೊಸೆಯನ್ನು.

“ಗೊತ್ತಿಲ್ದೆ ಏನು? ಕಲಿಸೋನು. ನಮ್ಮಜ್ಜಿ ಕಾಲದಿಂದ ಅಂತೀವಿ. ನಿಮ್ಮೂರಲ್ಲಿ ಅನ್ನಲ್ವಾ? ಪಾಪ!”

“ನಮ್ಮತ್ತೇಗೂ ಹಂಗೇ ಹೆಸರಿಟ್ಟಿದ್ವಿ,” ಎಂದು ಇನ್ನೊಬ್ಬಳು ‘ಅಳು’ವಿನ ತಲೆಗೂ ಅದೇ ‘ಸ’ ಹಚ್ಚಿದಳು. “ಅಳಿಸೋಳು ಅಂತ. ಬೇಕಿದ್ರೆ ಅದನ್ನೂ ಬರ್ಕೊಳ್ಳಿ ಅಣ್ಣಾ.”

ಗಂಡಸರು ಬಿಡಲಿಲ್ಲ. ಒಬ್ಬೊಬ್ಬಳನ್ನೇ ಪಕ್ಕಕ್ಕೆ ಕರೆದು ಕೇಳಿದರು. ಎಲ್ಲರದೂ ಒಂದೇ ಅಜ್ಜಿ, ಒಂದೇ ಮಾತು. ಕೊನೆಗೆ ಜೂಹೆರಳನ್ನು ಅಲ್ಲೇ ಇಳಿಸಿ, “ನಾಳೆ ಕೆಲಸಕ್ಕೆ ಬಸ್ಸಲ್ಲಿ ಬಾ” ಎಂದು ಹೊರಟರು.

ಅವಳು ಅಳುತ್ತ ಅಪ್ಪಿಕೊಳ್ಳಲು ಹೋದರೆ ಊಯಿಜಾ ಕೊಡ ಅಡ್ಡ ಹಿಡಿದಳು.

“ದೂರ ನಿಲ್ಲೇ! ನಿನ್ನ ಮಾತು ಚೆಂದ ಅಂತ ಹೇಳಿದ್ದಲ್ಲ. ಊರವಳನ್ನ ಬೂಟಿನವರಿಗೆ ಕೊಡೋದುಂಟಾ? ಇವರು ನಂಬಿಲ್ಲ, ನಾಳೆ ಇನ್ಯಾರದೋ ವೇಷದಲ್ಲಿ ಬರ್ತಾರೆ. ಅಷ್ಟರೊಳಗೆ ಹಾಲು ಕುಡಿಯೋ ಕೂಸಿಗೂ ಈ ಮಾತು ಬಂದಿರಬೇಕು. ಏನ್ರೇ, ಕೇಳಿಸ್ತಾ?”

ಸಂಜೆ ಶಾಲೆ ಬಿಟ್ಟು ಬರುತ್ತಿದ್ದ ಮೇಷ್ಟ್ರನ್ನು ಹೆಂಗಸರೆಲ್ಲ ಬಾಗಿಲಿಗೆ ಬಂದು ಆ ಹೆಸರಿನಿಂದಲೇ ಕೂಗಿದರು. ಇದ್ಯಾವ ಹೊಸ ಬೈಗುಳವೋ ಎಂದು ಆತ ಟೋಪಿ ಹಿಡಿದುಕೊಂಡು ದಾಪುಗಾಲು ಹಾಕಿದ.