ಹೆಟ್ಟಿಯ ಮನೆಯಲ್ಲಿ ಇಬ್ಬರು

ಹೆಟ್ಟಿ ಎಂಟ್ವಿಸಲ್ ಯಾರು ಎಂದು ನಮ್ಮ ಊರು ಥಾರ್ನ್‌ಶಾದಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಹತ್ತಿ ಗಿರಣಿಯ ಹಿಂದಿನ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುವವಳು. ಊರಿನ ಅರ್ಧ ಜನ ಅವಳು ಬಡಿಸಿದ ಆಲೂಗಡ್ಡೆ ಮಾಂಸದ ಪೈ ತಿಂದು ಬೆಳೆದವರು. ಬಸ್ಸಿನ ಡ್ರೈವರು, ಹಲ್ಲಿನ ಡಾಕ್ಟರು, ಅಂಗಡಿಗೆ ಕನ್ನ ಹಾಕಲು ಹೋಗಿ ಕಿಟಕಿಯಲ್ಲೇ ಸಿಕ್ಕಿಕೊಂಡ ಆ ಮಹಾನುಭಾವ, ಎಲ್ಲರೂ. ರಸ್ತೆಯಲ್ಲಿ ಅವಳು ಎದುರಾದರೆ ಮಕ್ಕಳೊಂದಿಗರಾದ ಗಂಡಸರೂ ಸಿಗರೇಟನ್ನು ಬೆನ್ನ ಹಿಂದೆ ಹಿಡಿಯುತ್ತಿದ್ದರು. ಅಂಥವಳನ್ನು ಎದುರಿಗೆ ಕೂರಿಸಿಕೊಂಡು 'ನೀನು ಯಾರು, ಸಾಬೀತು ಮಾಡು' ಎಂದು ಕೇಳುವ ದರಿದ್ರ ಕೆಲಸ ನನ್ನ ಪಾಲಿಗೆ ಬಂತು. ನಾನು ಮೇವಿಸ್, ಆ ಶಾಲೆಯ ಗುಮಾಸ್ತೆಯಾಗಿದ್ದೆ.

ಈಗ ಶಾಲೆಯೂ ಇಲ್ಲ. ಊಟದ ಕೋಣೆಯನ್ನು ಕತ್ತರಿಸಿ ಬಾಡಿಗೆ ಮನೆಗಳನ್ನು ಮಾಡಿದ್ದಾರೆ. ಆ ಕಡೆ ಹೋದಾಗಲೆಲ್ಲ ಬೇಯಿಸಿದ ಕೋಸಿನ ವಾಸನೆ ಬಂದಂತಾಗುತ್ತದೆ. ಆಗ ಆ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದೆ, ಈಗ ಗೋಡೆಯ ಪಕ್ಕ ಸ್ವಲ್ಪ ಹೊತ್ತು ನಿಂತು ಬರುತ್ತೇನೆ.

ಹೆಟ್ಟಿ ಮತ್ತು ನಾನು ಒಂದೇ ಓಣಿಯವರು. ಗೋಡೆಗೆ ಗೋಡೆ ಅಂಟಿದ ಮನೆಗಳು. ಈ ಮನೆಯಲ್ಲಿ ಸೀನಿದರೆ ಆ ಮನೆಯಿಂದ ದೇವರ ಹೆಸರು ಹೇಳುತ್ತಿದ್ದರು. ಚಿಕ್ಕಂದಿನಲ್ಲಿ ನಮ್ಮಿಬ್ಬರನ್ನೂ ಒಂದೇ ತಗಡಿನ ತೊಟ್ಟಿಯಲ್ಲಿ ಕೂರಿಸಿ ತಲೆಗೆ ನೀರು ಹಾಕಿದ್ದಾರೆ. ಶುಕ್ರವಾರ ಸಂಜೆ ಚಪ್ಪಲಿ ಕಾರ್ಖಾನೆಯ ಕೂಗು ಕೇಳಿದ ಮೇಲೆ ಗಂಡಸರು ಸಾಲಾಗಿ ಬರುವುದನ್ನು ನಾವು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆವು. ಮೆಟ್ಟಿಲನ್ನು ಅಂದೇ ಕಲ್ಲಿನಿಂದ ಉಜ್ಜಿರುತ್ತಿದ್ದರು, ಕೂತದ್ದು ಕಂಡರೆ ಬೆನ್ನಿಗೆ ಏಟು ಬೀಳುತ್ತಿತ್ತು. ಗಂಡಸರು ನೆಟ್ಟಗೆ ಮನೆಗೆ ಹೋಗಿ, ಸಂಬಳದ ಲಕೋಟೆಯನ್ನು ಒಡೆಯದೆ ಹೆಂಡತಿಯ ಮುಂದೆ ಇಡಬೇಕು. ಬಿಯರಿಗೆ, ಸಾಕಿದ ಪಾರಿವಾಳದ ಕಾಳಿಗೆ ಎಂದು ಅವಳು ಕೊಟ್ಟಷ್ಟು ತೆಗೆದುಕೊಳ್ಳಬೇಕು. ದಾರಿಯಲ್ಲೇ ಲಕೋಟೆ ಒಡೆದ ಗಂಡಸಿಗೆ ನಮ್ಮ ಓಣಿಯಲ್ಲಿ ಮೂರು ಕಾಸಿನ ಮರ್ಯಾದೆ ಇರಲಿಲ್ಲ.

ಮನೆ ನಡೆಸುವುದೆಲ್ಲ ಹೆಂಗಸು. ಆದರೆ ಬಾಡಿಗೆ, ಗ್ಯಾಸು, ದೀಪ, ನೀರು ಎಲ್ಲದರ ಮೇಲೂ ಗಂಡನ ಹೆಸರು. ನನ್ನ ಅಮ್ಮ ಹೇಳುತ್ತಿದ್ದಳು, "ಹೆಸರು ಗಂಡಂದು, ಲೆಕ್ಕ ಹೆಂಡ್ತೀದು. ಹಂಗಿದ್ರೆ ಮನೇಲಿ ಜಗಳ ಇರಲ್ಲ." ಯಾವ ಹೆಂಗಸಿಗೂ ಅದರಿಂದ ಏನೂ ಕಡಿಮೆಯಾದಂತೆ ಅನ್ನಿಸಿದ್ದಿಲ್ಲ. ಅವಳು ಯಾರೆಂದು ಎಲ್ಲರಿಗೂ ಗೊತ್ತಿರುವಾಗ ಕಾಗದದ ಮೇಲೆ ಏನು ಇದ್ದರೇನು?

ಹೆಟ್ಟಿಯ ಗಂಡ ಕ್ಲಿಫ್ ಆ ಚಪ್ಪಲಿ ಕಾರ್ಖಾನೆಯವನೇ. ಉದ್ದ ಮನುಷ್ಯ, ಮಾತು ಕಡಿಮೆ. ಮದುವೆಯಾದಾಗಿನಿಂದ ಒಂದು ಲಕೋಟೆಯನ್ನೂ ಒಡೆದವನಲ್ಲ. ಮಕ್ಕಳಾಗಲಿಲ್ಲ, ಅದರ ಬಗ್ಗೆ ಇಬ್ಬರೂ ಯಾರ ಮುಂದೆಯೂ ಆಡಲಿಲ್ಲ. ಇವಳು ಶಾಲೆಯಲ್ಲಿ ಊರ ಮಕ್ಕಳಿಗೆಲ್ಲ ಬಡಿಸಿ ಮನೆಗೆ ಹೋಗಿ, ಯಾರು ಹಲ್ಲು ಬಿದ್ದು ತಿನ್ನಲಾಗದೆ ಅತ್ತರು, ಯಾರು ಕಸ್ಟರ್ಡಿನ ಕೆನೆಗಾಗಿ ಹೊಡೆದಾಡಿದರು ಎಂದು ಹೇಳಬೇಕು, ಅವನು ಹೂಂಗುಟ್ಟಬೇಕು. ತೊಂಬತ್ತನಾಲ್ಕರ ಚಳಿಗಾಲದಲ್ಲಿ ಒಂದು ಬೆಳಗ್ಗೆ, ಬೂಟಿನ ದಾರ ಕಟ್ಟಲು ಬಗ್ಗಿದವನು ಏಳಲಿಲ್ಲ. ಓಣಿಯ ಎಲ್ಲ ಮನೆಗಳ ಪರದೆ ಎಳೆದು, ಗೌರವದಿಂದಲೇ ಕಳಿಸಿಕೊಟ್ಟೆವು.

ಇದಾಗಿ ಒಂಬತ್ತು ವರ್ಷಕ್ಕೆ ಶಾಲೆಯ ಅಡುಗೆಮನೆಯನ್ನು ಹೊಸ ಗುತ್ತಿಗೆದಾರರ ಕೈಗೆ ಕೊಟ್ಟರು. ಈಸ್ಟರ್ ರಜೆ ಮುಗಿದ ಮೇಲೆ ಅವರದೇ ಕಾರುಬಾರು. ಇದ್ದವರೆಲ್ಲ ಹೊಸದಾಗಿ ಅರ್ಜಿ ಹಾಕಬೇಕು. ಮಕ್ಕಳ ಹತ್ತಿರ ಕೆಲಸ ಮಾಡುವವರು ಹಿಂದೆ ಯಾವ ಅಪರಾಧವನ್ನೂ ಮಾಡಿಲ್ಲವೆಂದು ಪೊಲೀಸ್ ತಪಾಸಣೆ ಆಗಬೇಕು. ಆ ತಪಾಸಣೆಗೆ ಮೊದಲು ಅವರು ಅವರೇ ಎಂಬುದಕ್ಕೆ ಮೂರು ಅಸಲು ದಾಖಲೆ ಬೇಕು. ಒಂದರಲ್ಲಾದರೂ ಮನೆಯ ವಿಳಾಸ ಇರಬೇಕು, ಅದೂ ಹೊಸದಾಗಿರಬೇಕು. ದಾಖಲೆ ನೋಡಿ, 'ಅಸಲು ಕಂಡಿದ್ದೇನೆ' ಎಂದು ಸಹಿ ಹಾಕುವವಳು ನಾನು. ದಾಖಲೆ ಇಲ್ಲದಿದ್ದರೆ ಕೆಲಸವಿಲ್ಲ.

ಊಟದ ಗಲಾಟೆ ಮುಗಿದ ಮೇಲೆ ಹೆಟ್ಟಿಯನ್ನು ಕರೆಸಿ "ಕೂತ್ಕೊಳೇ" ಅಂದೆ.

"ಯಾಕೆ, ಯಾರಾದ್ರೂ ಹೋದ್ರಾ?"

"ಯಾರೂ ಹೋಗಿಲ್ಲ, ಕೂತ್ಕೋ. ನಿನ್ನ ಪಾಸ್‌ಪೋರ್ಟ್ ಇದ್ಯಾ?"

"ಬ್ಲ್ಯಾಕ್‌ಪೂಲ್‌ಗೆ ಹೋಗೋಕೂ ಈಗ ಪಾಸ್‌ಪೋರ್ಟ್ ಬೇಕಾ?" ವರ್ಷಕ್ಕೊಮ್ಮೆ ಸಮುದ್ರ ನೋಡಲು ಅಲ್ಲಿಗೆ ಹೋಗುವುದನ್ನು ಬಿಟ್ಟರೆ ಅವಳು ಊರು ದಾಟಿದವಳಲ್ಲ.

"ಕಾರಿನ ಲೈಸೆನ್ಸು?"

"ನಾನು ಓಡ್ಸೋದು ತಟ್ಟೆ ಟ್ರಾಲಿ. ಅದರದೊಂದು ಚಕ್ರ ತಿರುಗ್ತಿಲ್ಲ, ರಿಪೇರಿ ಮಾಡ್ಸು ಅಂತ ಕ್ರಿಸ್‌ಮಸ್‌ನಿಂದ ನಿನ್ನ ತಲೆ ತಿಂತಿದೀನಿ. ಮೊದ್ಲು ಅದನ್ನ ನೋಡು."

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಆ ಅರ್ಜಿಯ ಮೇಲೆ. ಆದರೆ ಅರ್ಜಿಯನ್ನು ಬೈಯಲಾಗುತ್ತದೆಯೇ? ಅವಳನ್ನೇ ಬೈದು, ಮನೆಯಲ್ಲಿರುವ ಕಾಗದವನ್ನೆಲ್ಲ ತಂದು ಹಾಕು ಅಂದೆ.

ಮರುದಿನ ಬಿಸ್ಕತ್ತಿನ ಡಬ್ಬಿ ಹೊತ್ತು ತಂದಳು. ಹೆಸ್ಟರ್ ಎಂಬ ಅವಳ ಪೂರ್ತಿ ಹೆಸರಿನ ಜನನ ಪತ್ರ ಇತ್ತು, ಸರಿ. ಮದುವೆಯ ಪತ್ರ ಇತ್ತು, ಅದೂ ಸರಿ. ವಿಳಾಸಕ್ಕೆ ಮಾತ್ರ ಏನೂ ಇಲ್ಲ. ಉಳಿತಾಯದ ಪಾಸ್‌ಬುಕ್‌ನಲ್ಲಿ ವಿಳಾಸ ಬರೆದಿರಲಿಲ್ಲ. ಆಸ್ಪತ್ರೆಯ ಕಾರ್ಡಿನಲ್ಲಿ ಅವಳ ಅಮ್ಮನ ಮನೆಯ ವಿಳಾಸ. ಆ ಮನೆಯನ್ನು ಕೆಡವಿ ರಸ್ತೆ ಮಾಡಿ ಎಷ್ಟೋ ಕಾಲವಾಗಿತ್ತು. ಡಬ್ಬಿಯ ತಳದಲ್ಲಿ ಬಿಲ್ಲುಗಳಿದ್ದವು. ಗ್ಯಾಸು, ದೀಪ, ನೀರು, ಮನೆ ತೆರಿಗೆ. ಎಲ್ಲ ಕಟ್ಟಿದ್ದಾಳೆ, ಒಂದು ದಿನವೂ ತಡವಿಲ್ಲ. ಎಲ್ಲದರ ಮೇಲೂ ಇದ್ದದ್ದು ಶ್ರೀ ಕ್ಲಿಫರ್ಡ್ ಎಂಟ್ವಿಸಲ್.

"ಹೆಟ್ಟಿ, ಅವನು ಹೋಗಿ ಒಂಬತ್ತು ವರ್ಷ ಆಯ್ತು."

"ನಂಗೊತ್ತಿಲ್ವಾ?"

"ಹೆಸರು ಬದಲಾಯಿಸ್ಬೇಕಿತ್ತಲ್ಲೇ."

"ಕ್ರಮ ತಪ್ಪದೆ ದುಡ್ಡು ಕಟ್ಟಿದೀನಿ. ಹೆಸರು ಕಟ್ಕೊಂಡು ಅವ್ರಿಗೇನಾಗ್ಬೇಕು?" ಎಂದು ಡಬ್ಬಿಯ ಮುಚ್ಚಳವನ್ನು ಒತ್ತಿ ಮುಚ್ಚಿದಳು. "ನೀನೇ ಬರೆದುಕೊಡು, ನಾನು ಹೆಟ್ಟಿ ಅಂತ. ನಿಂಗೆ ಗೊತ್ತಿಲ್ವಾ ನಾನು ಯಾರು ಅಂತ? ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?"

ಆ ಅರ್ಜಿಯಲ್ಲಿ ಎಲ್ಲದಕ್ಕೂ ಒಂದೊಂದು ಚೌಕ ಇತ್ತು. ಹುಟ್ಟಿದಾಗಿನಿಂದ ಇವಳನ್ನು ಬಲ್ಲೆ ಎನ್ನುವುದಕ್ಕೆ ಚೌಕ ಇರಲಿಲ್ಲ. ಬೇಕಾದರೆ ಇನ್ನೊಂದು ದಾರಿ ಇದೆ, ಪೊಲೀಸ್ ಠಾಣೆಗೆ ಹೋಗಿ ಬೆರಳಚ್ಚು ಕೊಡಬಹುದು, ಆದರೆ ಅದು ಈಸ್ಟರ್‌ನ ಒಳಗೆ ಆಗುವ ಹೋಗುವ ಮಾತಲ್ಲ ಎಂದೆ.

"ಬೆರಳಚ್ಚಾ? ಅದಕ್ಕೆ ಠಾಣೆ ಯಾಕೆ, ಈ ಸ್ಕೂಲಿನ ಯಾವ ತಟ್ಟೆ ಎತ್ಕೊಂಡ್ರೂ ನಂದೇ ಬೆರಳು" ಅಂದಳು. ನಗು ಬಂತು.

"ಪುರಸಭೆಗೆ ಹೋಗಿ ತೆರಿಗೆ ಬಿಲ್ಲಿನಲ್ಲಿ ಹೆಸರು ಬದಲಾಯಿಸೋಣ. ಅರ್ಧ ಗಂಟೆ ಕೆಲಸ" ಎಂದೆ.

"ಬೇಡ."

"ಯಾಕೆ?"

ಅವಳು ಏಪ್ರನ್ನಿನ ತುದಿಯನ್ನು ಮಡಚುತ್ತ ಬಿಡಿಸುತ್ತ ಕೂತಳು. "ಮನೆಗೆ ಹೋಗ್ತೀನಾ, ಬಾಗಿಲು ತೆಗೀತೀನಾ, ಪೋಸ್ಟಿನವನು ಸಂದಿಯಿಂದ ತೂರಿಸಿದ ಕಾಗದ ಕಾಲೊರಸೋ ಚಾಪೆ ಮೇಲೆ ಬಿದ್ದಿರತ್ತೆ. ಕ್ಲಿಫ್, ನಿಂಗೆ ಬಂದಿದೆ ನೋಡು ಅಂತೀನಿ. ಅವನ ಕುರ್ಚಿ ಮೇಲೆ ಇಡ್ತೀನಿ. ಟೀ ಕುಡಿದಾದ್ಮೇಲೆ ನಾನೇ ಒಡೀತೀನಿ. ಅಷ್ಟೇ ಕಣೇ. ಹುಚ್ಚು ಹಿಡಿದಿಲ್ಲ ನಂಗೆ. ಅವನು ಸ್ಮಶಾನದಲ್ಲಿದಾನೆ ಅಂತ ಗೊತ್ತು, ಭಾನುವಾರ ಭಾನುವಾರ ಹೋಗಿ ಹುಲ್ಲು ಕೀಳ್ತೀನಿ. ಆದ್ರೂ ಅವರಿಗೆ ಹೇಳ್ಬಿಟ್ರೆ ಅವನಿಗೆ ಇನ್ನು ಯಾರೂ ಬರೆಯಲ್ಲ."

ನಾನು ಒರಟು ಬಾಯಿಯವಳು. "ಸತ್ತವನಿಗೆ ಗ್ಯಾಸಿನ ಬಿಲ್ಲು ಬರ್ಲಿ ಅಂತ ಇಷ್ಟು ಮಕ್ಕಳನ್ನ ಬಿಟ್ಟು ಮನೇಲಿ ಕೂರ್ತೀಯಾ? ಕೂರು. ಗೋಡೆ ಜೊತೆ ಮಾತಾಡ್ಕೊಂಡು ಕೂರು" ಎಂದೆ. ಅವಳು ಡಬ್ಬಿ ಎತ್ತಿಕೊಂಡು ಹೋದಳು. ಹಾಗೆ ಅಂದದ್ದಕ್ಕೆ ನನಗೇನೂ ಪಶ್ಚಾತ್ತಾಪವಿಲ್ಲ. ಆ ಕೆಲಸ ಹೋದರೆ ಅವಳು ಒಂದು ಚಳಿಗಾಲವನ್ನೂ ದಾಟುವುದಿಲ್ಲವೆಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

ಆ ವಾರವೆಲ್ಲ ಹೆಟ್ಟಿ ನನ್ನ ಜೊತೆ ಮಾತು ಬಿಟ್ಟಳು. ನನ್ನ ಪೈಗೆ ಗ್ರೇವಿಯನ್ನೂ ಹಾಕಲಿಲ್ಲ. ಹೊಸ ಗುತ್ತಿಗೆದಾರರ ಕಡೆಯ ಹೆಂಗಸೊಬ್ಬಳು ಬಂದು ಊಟದ ಕೋಣೆಯನ್ನು ಅಳೆದು, ಹೊಸ ಏಪ್ರನ್ನಿಗಾಗಿ ದಾಖಲೆ ಕೊಟ್ಟವರ ಅಳತೆ ಬರೆದುಕೊಂಡಳು. ಹೆಟ್ಟಿಯ ಅಳತೆ ಬರೆಯಲಿಲ್ಲ. ಅವಳು ಒಲೆಯ ಕಡೆ ತಿರುಗಿ, ಪಾತ್ರೆಯ ತಳ ಕಿತ್ತುಹೋಗುವಂತೆ ಕಸ್ಟರ್ಡು ತಿರುವುತ್ತಲೇ ಇದ್ದಳು.

ಸೋಮವಾರ ಶಾಲೆ ಮುಗಿದ ಮೇಲೆ ಯಾರೋ ನನ್ನ ಮನೆಯ ಬಾಗಿಲು ಬಡಿದರು. ನೋಡಿದರೆ ಹೆಟ್ಟಿ, ಸಾವಿಗೆ ಮದುವೆಗೆ ಮಾತ್ರ ಹೊರಗೆ ಬರುವ ನೀಲಿ ಕೋಟು ಹಾಕಿಕೊಂಡು, ಟೋಪಿಗೆ ಪಿನ್ನು ಸಿಕ್ಕಿಸಿ ನಿಂತಿದ್ದಾಳೆ.

"ನಡಿ, ಹೋಗೋಣ. ಕ್ಲಿಫ್‌ನ ಕೇಳ್ದೆ."

"ಏನಂದ?"

"ಏನಂತಾನೆ. ಬದುಕಿದ್ದಾಗ್ಲೂ ನಾನು ಹೇಳಿದ್ದಕ್ಕೆಲ್ಲ ಹೂಂ ಅಂತಿದ್ದ, ಈಗ ಎದುರು ಮಾತಾಡ್ತಾನಾ?"

ಬಸ್ಸಿನಲ್ಲಿ ಇಡೀ ದಾರಿ ಅವಳು ಹವಾಮಾನದ ಮಾತನ್ನೇ ಆಡಿದಳು. ಪುರಸಭೆಯಲ್ಲಿ ಗಾಜಿನ ಹಿಂದೆ ಚೂಯಿಂಗ್ ಗಮ್ ಅಗಿಯುತ್ತಿದ್ದ ಹುಡುಗಿ ಕೂತಿದ್ದಳು. ಹೆಟ್ಟಿ ಬಿಲ್ಲನ್ನು ಗಾಜಿನ ಕೆಳಗಿನ ಸಂದಿಯಲ್ಲಿ ದೂಡಿ, ಇದರ ಮೇಲೆ ನನ್ನ ಹೆಸರು ಬರಬೇಕು ಎಂದಳು.

"ಬಿಲ್ಲು ಯಜಮಾನರ ಹೆಸರಲ್ಲಿದೆ ಅಲ್ವಾ ಮೇಡಂ? ಅವರೇ ಬಂದು ಸಹಿ ಹಾಕಿದ್ರೆ ನಿಮ್ಮ ಹೆಸರೂ ಸೇರಿಸ್ತೀವಿ."

"ಅವನಿಗೆ ಬರೋಕಾಗಲ್ಲ."

"ಹುಷಾರಿಲ್ವಾ? ಪರವಾಗಿಲ್ಲ, ಫಾರಂ ಕೊಡ್ತೀನಿ, ಮನೇಲೇ ಸಹಿ ಮಾಡ್ಸಿ. ಮನೇಲಿ ದೊಡ್ಡವರು ಎಷ್ಟು ಜನ ಇದೀರಾ?"

"ಇಬ್ರು" ಅಂದಳು ಹೆಟ್ಟಿ. ಹುಡುಗಿ ಬರೆದುಕೊಂಡಳು.

ನಾನು ಬಾಯಿ ತೆರೆದೆ. ಹೆಟ್ಟಿ ನನ್ನ ಕಡೆ ನೋಡದೆಯೇ ನನ್ನ ಮಣಿಕಟ್ಟು ಹಿಡಿದಳು. ಕುದಿಯುವ ಪಾತ್ರೆ ಎತ್ತಿ ಎತ್ತಿ ಗಟ್ಟಿಯಾದ ಕೈ. ನಮ್ಮ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಅವಳು ಗಾಜಿನಾಚೆಯ ಆ ಹುಡುಗಿಯ ಪೆನ್ನನ್ನೇ ನೋಡುತ್ತಿದ್ದಳು.

"ಅದನ್ನ ಹೊಡೆದುಹಾಕಮ್ಮ" ಅಂದಳು ಕೊನೆಗೆ. "ಒಬ್ಬಳೇ. ನಾನೊಬ್ಬಳೇ ಇರೋದು."

ಹುಡುಗಿ ಅಗಿಯುವುದನ್ನು ನಿಲ್ಲಿಸಿದಳು. "ಯಾವಾಗಿಂದ ಮೇಡಂ?"

"ತೊಂಬತ್ತನಾಲ್ಕರಿಂದ."

ಆ ಹುಡುಗಿ ಒಳ್ಳೆಯವಳೇ. ಕಂಪ್ಯೂಟರನ್ನು ನೋಡಿ, ದನಿ ತಗ್ಗಿಸಿ ಹೇಳಿದಳು, "ಅಯ್ಯೋ, ಒಬ್ಬರೇ ಇರೋರಿಗೆ ತೆರಿಗೆಯಲ್ಲಿ ಕಾಲು ಭಾಗ ಬಿಡ್ತಾರೆ ಮೇಡಂ, ನೀವು ಕೇಳೇ ಇಲ್ಲ. ಇಷ್ಟು ವರ್ಷ ಇಬ್ಬರ ತೆರಿಗೆ ಕಟ್ಟಿದೀರಾ. ಅರ್ಜಿ ಕೊಟ್ರೆ ಹೆಚ್ಚಿಗೆ ಕಟ್ಟಿದ್ದು ವಾಪಸ್ ಬರತ್ತೆ."

ಒಂಬತ್ತು ವರ್ಷದ ಕಾಲು ಭಾಗವೆಂದರೆ ಊಟ ಬಡಿಸುವವಳಿಗೆ ಸಣ್ಣ ಮೊತ್ತವಲ್ಲ. ನಾನು ಮೊಣಕೈಯಿಂದ ತಿವಿದೆ, ತಗೋ ಎಂದು.

"ಬೇಡ" ಅಂದಳು ಹೆಟ್ಟಿ. "ಅದು ಅವನ ಪಾಲು. ಅವನು ಇದ್ದ, ಕಟ್ಟಿದೀನಿ. ಇವತ್ತಿಂದ ಬೇಕಾದ್ರೆ ಒಬ್ಬಳು ಅಂತ ಬರ್ಕೋ."

ಹುಡುಗಿ ನನ್ನನ್ನು ನೋಡಿದಳು. ಬರೆದುಕೋ ಎಂದು ತಲೆಯಾಡಿಸಿದೆ. ಅವಳು ಬರೆದುಕೊಂಡಳು.

ಬಸ್ ನಿಲ್ದಾಣದ ಬೆಂಚಿನ ಮೇಲೆ ಹೆಟ್ಟಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಅತ್ತಳು. ಗಂಡನನ್ನು ಮಣ್ಣು ಮಾಡಿದ ದಿನ ಬಂದವರಿಗೆಲ್ಲ ಹಂದಿ ಮಾಂಸದ ಸ್ಯಾಂಡ್‌ವಿಚ್ ಹಂಚುತ್ತ ಓಡಾಡಿದವಳು, ಅಂದು ಅತ್ತಿರಲಿಲ್ಲ. ಬಸ್ಸು ಬಂತು, ಹೋಯಿತು. ಇನ್ನೊಂದೂ ಹೋಯಿತು. ಅದರ ಡ್ರೈವರು ಅವಳ ಕೈಯಲ್ಲಿ ಉಂಡ ಹುಡುಗನೇ. ಬಾಗಿಲು ತೆಗೆದು, ನೋಡಿ, ಏನೂ ಕೇಳದೆ ನಿಧಾನವಾಗಿ ಬಾಗಿಲು ಮುಚ್ಚಿಕೊಂಡು ಹೋದ.

"ಅವನಿಗೆ ಬೇಜಾರಾಗಿರತ್ತಾ ಮೇವಿಸ್?"

"ಇಲ್ಲ ಕಣೇ."

"ನಾನು ಇಷ್ಟು ದಿನ ಅವನನ್ನ ಹಿಡ್ಕೊಂಡಿದ್ದೆ."

"ಗೊತ್ತು" ಅಂದೆ.

ಈಸ್ಟರ್‌ಗೆ ಮುಂಚೆ ಹೊಸ ಬಿಲ್ಲು ಬಂತು. ಹೆಟ್ಟಿ ಲಕೋಟೆಯನ್ನು ಒಡೆಯದೆ ತಂದು ನನ್ನ ಮೇಜಿನ ಮೇಲಿಟ್ಟು, ನೀನೇ ತೆಗಿ ಅಂದಳು. ತೆಗೆದೆ. ಶ್ರೀಮತಿ ಹೆಸ್ಟರ್ ಎಂಟ್ವಿಸಲ್, ಮನೆ ನಂಬರು, ಓಣಿಯ ಹೆಸರು, ಎಲ್ಲ ಸರಿಯಾಗಿತ್ತು. ಗಟ್ಟಿಯಾಗಿ ಓದಿದೆ. ಹುಟ್ಟಿದ ಮೇಲೆ ಅವಳ ಒಬ್ಬಳ ಹೆಸರಿಗೆ ಬಂದ ಮೊದಲ ಬಿಲ್ಲು ಅದು. ಚೌಕದಲ್ಲಿ ಗುರುತು ಹಾಕಿ, ಅಸಲು ಕಂಡಿದ್ದೇನೆ ಎಂದು ಸಹಿ ಮಾಡಿದೆ. ಹೆಟ್ಟಿ ಕಾಗದವನ್ನು ತಿರುಗಿಸಿ ಹಿಂಬದಿಯನ್ನೂ ಒಮ್ಮೆ ನೋಡಿದಳು. ಅಲ್ಲಿಯೂ ಕ್ಲಿಫ್ ಇರಲಿಲ್ಲ. ಮಕ್ಕಳ ಊಟಕ್ಕೆ ಗಂಟೆ ಹೊಡೆಯಿತು, ಅವಳು ಎದ್ದು ಬಡಿಸಲು ಹೋದಳು.