ಹದಿನಾರು ಮೊಳದ ಅರಿವೆ, ಐದು ಮೊಳದ ಅಂಗಳ

ಬೆಳಗಿನ ಐದೂಮುಕ್ಕಾಲು. ಇಳಕಲ್ಲಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲೊಂದು ಬಣ್ಣದ ಭಟ್ಟಿ. ಸೀರೆಯ ನೂಲಿಗೆ ಬಣ್ಣ ಹಾಕುವ ಜಾಗ ಅದು. ಮಾಬುಬಿ ನೂಲಿನ ಲಡಿಗಳನ್ನು ಕೋಲಿಗೆ ಸಿಕ್ಕಿಸಿ ಕುದಿಯುವ ಹಂಡೆಗೆ ಇಳಿಬಿಡುತ್ತಿದ್ದಾರೆ. ಎತ್ತುವುದು, ತಿರುವುವುದು, ಮತ್ತೆ ಅದ್ದುವುದು. ಎತ್ತಿದಾಗಲೆಲ್ಲ ಉಗಿ ಮುಖಕ್ಕೆ ಹೊಡೆಯುತ್ತದೆ. ಅವರು ಮುಖ ತಿರುಗಿಸುವುದಿಲ್ಲ, ಆ ಉಗಿಯೊಳಗೇ ಬಣ್ಣ ಎಷ್ಟು ಹಿಡಿದಿದೆ ಎಂದು ನೋಡಬೇಕಲ್ಲ. "ಒಣಗಿದ ಮ್ಯಾಲ ಬಣ್ಣ ನಾಕಾಣೆ ಕಮ್ಮಿ ಕಾಣತೈತ್ರಿ. ಹಸೀದಿದ್ದಾಗನ ಅದು ಗೊತ್ತಾಗಬೇಕು," ಅನ್ನುತ್ತಾರೆ.

ವಯಸ್ಸು ಐವತ್ತೇಳು, ಭಟ್ಟಿಗೆ ಬಂದು ಮೂವತ್ನಾಲ್ಕು ವರ್ಷ. ದಿನಕ್ಕೆ ನಾಲ್ಕು ಹಂಡೆ, ಅರವತ್ತು ಎಪ್ಪತ್ತು ಲಡಿ. ಬಲಗೈಯ ಮೂರು ಉಗುರು ಯಾವ ಸೋಪಿಗೂ ಬಿಳಿಯಾಗುವುದಿಲ್ಲ. ಸಂಜೆ ಹಂಡೆಯ ತಳದಲ್ಲಿ ಉಳಿದ ಬಣ್ಣದ ನೀರನ್ನು ಉಳಿದವರು ಗಟಾರಕ್ಕೆ ಚೆಲ್ಲುತ್ತಾರೆ. ಮಾಬುಬಿ ಮಾತ್ರ ಮಾಲೀಕರನ್ನು ಕೇಳಿಯೇ ಎರಡು ಕೊಡ ತುಂಬಿಕೊಂಡು ಮನೆಗೆ ಒಯ್ಯುತ್ತಾರೆ.

ಮನೆಯ ಅಂಗಳದಲ್ಲಿ ಮಾದರಪಾಟಿನ ಬಿಳಿ ಬಟ್ಟೆ ಹಾಸಿರುತ್ತದೆ. ಬ್ರಶ್ ಇಲ್ಲ. ಸಿಕ್ಕುಗಟ್ಟಿ ಮಗ್ಗಕ್ಕೆ ಬಾರದ ಒಂದು ಲಡಿಯನ್ನೇ ಕೊಡದಲ್ಲಿ ಅದ್ದಿ, ತೋಳೆತ್ತಿ, ಬಟ್ಟೆಯ ಮೇಲೆ ಬಡಿಯುತ್ತಾರೆ. ಅದರ ಮೇಲೆ ಇನ್ನೊಂದು ಬಣ್ಣ ಸುರಿಯುತ್ತಾರೆ, ಒದ್ದೆ ಹಗ್ಗ ಎಳೆಯುತ್ತಾರೆ, ಸುಮ್ಮನೆ ನಿಂತು ಕಾಯುತ್ತಾರೆ. ಹೂವಿಲ್ಲ, ನವಿಲಿಲ್ಲ, ಆನೆಯಿಲ್ಲ. ಕಪ್ಪನ್ನು ಸೀಳಿಕೊಂಡು ಬಂದ ಕೆಂಪು ಇದೆ, ಅದರಡಿ ಎಳೆಯಿಂದ ಎಳೆಗೆ ಹರಿದು ಹೋದ ಹಳದಿ ಇದೆ. ಕಲೆ ಬಲ್ಲವರು ಇದನ್ನು ಅಮೂರ್ತ ಚಿತ್ರ ಅನ್ನುತ್ತಾರೆ. ಮಾಬುಬಿ ಇದಕ್ಕೆ 'ಬಡಿಯೂದು' ಅನ್ನುತ್ತಾರೆ, ಅಷ್ಟೇ.

ಗಂಡ ಸುಭಾನಸಾಬ ಗ್ರಾನೈಟ್ ಪಾಲಿಶ್ ಮಾಡುತ್ತಿದ್ದವರು. ಕಲ್ಲಿನ ಧೂಳು ಎದೆಗಿಳಿದು ಈಗ ಮನೆಯಲ್ಲೇ ಇದ್ದಾರೆ. "ಮದಲ ನಾ ಹೆದರಿದ್ದೆರಿ. ಯಾರ ಮ್ಯಾಲಿನ ಸಿಟ್ಟು ಅರಿವೀಗೆ ಬಡಿತಾಳು ಅಂತ," ಎಂದು ಕಟ್ಟೆಯ ಮೇಲಿಂದ ಹೇಳುತ್ತಾರೆ.

"ನಿಮ್ಮ ಮ್ಯಾಲಿಂದಾಗಿದ್ರ ಅರಿವಿ ಹರದ ಹೋಗತಿತ್ತು," ಎಂದು ಮಾಬುಬಿ ತಲೆ ಎತ್ತದೇ ಅನ್ನುತ್ತಾರೆ.

ಶುರುವಾದದ್ದು ಸಿಟ್ಟಿನಿಂದಲೇ. ಭಟ್ಟಿಗೆ ಸೇರಿದ ಎರಡನೇ ವರ್ಷ ಒಂದು ಸೀರೆಯ ನೂಲಷ್ಟೂ ಪಟ್ಟೆಪಟ್ಟೆಯಾಗಿ ಕೆಟ್ಟಿತು. ಎಲ್ಲರೆದುರು ಬೈಸಿಕೊಂಡು ಬಂದು, ಆ ಹಸಿ ಲಡಿಯನ್ನು ಅಂಗಳದಲ್ಲಿದ್ದ ಬಟ್ಟೆಗೆ ಅಪ್ಪಳಿಸಿದರು. "ಮರುದಿನ ಎದ್ದಾಗ ಸಿಟ್ಟು ಇರಲಿಲ್ಲ, ಅರಿವಿ ಮ್ಯಾಲ ಬಣ್ಣದ ಕಲಿ ಇತ್ತು. ಅದನ್ನ ನೋಡಕೋತ ಕುಂತೆ. ಒಲಿ ಮ್ಯಾಲ ರೊಟ್ಟಿ ಸೀದು ಹ್ವಾದ್ವು."

ಅಂದಿನಿಂದ ಮಾಡಿದವು ಇನ್ನೂರರ ಮೇಲಿರಬೇಕು. ಮನೆಯಲ್ಲಿ ಉಳಿದಿರುವುದು ಮೂರು. ಉಳಿದವೆಲ್ಲ ಓಣಿಯ ಮಂದಿ ಹೊದೆಯುವ ಕೌದಿಗಳೊಳಗಿವೆ. ಪಕ್ಕದ ಮನೆಯ ನೇಕಾರ್ತಿ ಲಕ್ಕವ್ವ ಕೌದಿ ಹೊಲೆಯುವವರು. ಬಟ್ಟೆಯ ಮೂಲೆಗೆ ಉಗುಳು ಹಚ್ಚಿ, ಹೆಬ್ಬೆರಳಿಂದ ತಿಕ್ಕಿ, ಬಣ್ಣ ಬಿಡುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಅವರು ಒಯ್ಯುವುದು. ಮೇಲೆ ಹಳೆ ಸೀರೆ, ಕೆಳಗೆ ಹಳೆ ಸೀರೆ, ನಡುವೆ ಮಾಬುಬಿಯ ಚಿತ್ರ. ಬೇಸರವಿಲ್ಲವೇ? "ಯಾಕ್ರಿ? ಮಂದಿ ಬೆಚ್ಚಗ ಮಲಗ್ಯಾರಲಾ."

ಆದರೆ ಈ ಸಲದ್ದನ್ನು ಲಕ್ಕವ್ವನಿಗೆ ಕೊಟ್ಟಿಲ್ಲ. ಇದು ಹದಿನಾರು ಮೊಳ ಉದ್ದದ ಒಂದೇ ಬಟ್ಟೆ, ಹನ್ನೊಂದು ತಿಂಗಳ ಕೆಲಸ. ಅಂಗಳ ಇರುವುದು ಐದೇ ಮೊಳ. ಹಾಗಾಗಿ ಮಗ್ಗದಲ್ಲಿ ನೆಯ್ದ ಸೀರೆ ಸುತ್ತಿಕೊಳ್ಳುವಂತೆ, ಒಣಗಿದ ಭಾಗವನ್ನು ದಿಂಡಿಗೆ ಸುತ್ತುತ್ತ, ಮುಂದಿನ ಭಾಗ ಹಾಸುತ್ತ ಬಂದಿದ್ದಾರೆ. ಒಂದು ದಿನದ ಬಣ್ಣದ ಬಾಲ ಹಿಡಿದೇ ಮರುದಿನದ್ದು ಹೊರಡುತ್ತದೆ. ಪೂರ್ತಿ ಬಿಚ್ಚಿ ಒಮ್ಮೆಯೂ ನೋಡಿಲ್ಲ. ಓಣಿಯಲ್ಲಿ ಹಾಸೋಣವೆಂದರೆ ದಿನವಿಡೀ ಗಾಡಿ.

ಬಾಗಲಕೋಟೆಯ ಚಿತ್ರಕಲಾ ಮಾಸ್ತರ ಚೇತನಕುಮಾರ ಮಕ್ಕಳಿಗೆ ತೋರಿಸಲು ಭಟ್ಟಿಯ ಫೋಟೊ ತೆಗೆಯಲು ಬಂದವರು, ಈ ಅಂಗಳ ನೋಡಿ ನಿಂತುಬಿಟ್ಟರು. ನವನಗರದ ಒಂದು ಹಾಲ್‌ನಲ್ಲಿ ಅವರ ಕಲಾವಿದರ ಬಳಗದ ಪ್ರದರ್ಶನವಿತ್ತು. ಅಲ್ಲಿ ನಿಮ್ಮದೂ ಇರಲಿ ಎಂದರು. ಮಾಬುಬಿ ಕೇಳಿದ್ದು ಒಂದೇ ಮಾತು: "ಗ್ವಾಡಿ ಎಷ್ಟು ಉದ್ದ ಐತ್ರಿ ಸರ?"

ಗೋಡೆ ಉದ್ದವೇ ಇತ್ತು. ಆದರೆ ಒಬ್ಬರಿಗೆ ನಾಲ್ಕೇ ಅಡಿ ಜಾಗ, ಅದು ಎಲ್ಲರಿಗೂ ಒಂದೇ ನಿಯಮ. ಮಾಸ್ತರರು ಹೇಳಿದರು: "ಕತ್ತರಿಸೂಣ್ರಿ ಅಮ್ಮಾರ. ಆರು ಚಿತ್ರ ಆಗ್ತಾವು. ಚಲೋದೊಂದು ತೂಗಹಾಕೂಣು. ಮಂದಿ ನಿಮ್ಮ ಹೆಸರು ಓದ್ತಾರು."

ಮೂವತ್ತು ವರ್ಷದಲ್ಲಿ ಓಣಿಯಾಚೆ ಯಾರೂ ಓದದ ಹೆಸರು. ಲಕ್ಕವ್ವ ಕತ್ತರಿ ತಂದೇ ಇಟ್ಟರು. "ಹೂಂ ಅನ್ನ ಬೇ. ಉಳದ ಐದು ನನಗ ಕೌದಿಗೆ ಆಗ್ತಾವು." ಮಾಬುಬಿ ಎರಡು ದಿನ ಕತ್ತರಿಯನ್ನು ಕಿಟಕಿಯಲ್ಲೇ ಬಿಟ್ಟರು. ಮೂರನೇ ದಿನ ಹೋಗಿ ವಾಪಸ್ ಕೊಟ್ಟು ಬಂದರು. "ಅರ್ಧ ನೇದ ಸೀರಿನ ನೀ ಮಗ್ಗದಿಂದ ಕೊಯ್ತಿಯೇನ?"

ಆಮೇಲೆ ಮಾಸ್ತರರಿಗೆ ಫೋನು: "ತೂಗಹಾಕಬ್ಯಾಡ್ರಿ ಸರ. ಹೆಸರೂ ಬ್ಯಾಡ. ಮಂದಿ ಬರೂ ಮದಲ ಆ ಹಾಲ್‌ನ ನೆಲ ಒಂದ್ ಹತ್ತು ಮಿನಿಟು ಕೊಡ್ರಿ."

ಪ್ರದರ್ಶನದ ದಿನ. ಮೊದಲ ಬಸ್ಸಿಗೆ ಗಂಡ ಹೆಂಡತಿ ಇಬ್ಬರೂ ಬಂದಿದ್ದಾರೆ. ಅಮೀನಗಡದಲ್ಲಿ ಹತ್ತಿದ ಒಬ್ಬರು ದಿಂಡು ನೋಡಿ ಈ ಜಮಖಾನೆ ಎಷ್ಟಕ್ಕೆ ಕೊಡುತ್ತೀರಿ ಎಂದು ಕೇಳಿದ್ದನ್ನು ಸುಭಾನಸಾಬ ಮಾಸ್ತರರಿಗೆ ಹೇಳಿ ನಗುತ್ತಾರೆ, ನಗು ಕೆಮ್ಮಾಗುತ್ತದೆ. ಹಾಲ್‌ನಲ್ಲಿ ಕುರ್ಚಿಗಳನ್ನು ಬದಿಗೆ ಸರಿಸಿದ್ದಾರೆ. ಗೋಡೆಯ ಮೇಲೆ ಉಳಿದವರ ಚಿತ್ರಗಳು ಆಗಲೇ ತೂಗುತ್ತಿವೆ, ಕೆಳಗೆ ಹೆಸರಿನ ಚೀಟಿ. ಮಾಬುಬಿ ಅವನ್ನೊಮ್ಮೆ ನಿಧಾನಕ್ಕೆ ನೋಡುತ್ತಾರೆ.

ಸುಭಾನಸಾಬ ಒಂದು ತುದಿ ಹಿಡಿದು ನೆಲಕ್ಕೆ ಕೂರುತ್ತಾರೆ, ಮಾಸ್ತರರು ದಿಂಡು ಉರುಳಿಸುತ್ತ ಹೋಗುತ್ತಾರೆ. ಮಾಬುಬಿ ಚಪ್ಪಲಿ ಬಿಟ್ಟು ವೇದಿಕೆ ಹತ್ತಿ ನಿಲ್ಲುತ್ತಾರೆ. ಕಪ್ಪು ಬರುತ್ತದೆ. ಸುಭಾನಸಾಬ ದವಾಖಾನೆಯಲ್ಲಿದ್ದ ವಾರದ ಮಾಸಲು ಹಸಿರು ಬರುತ್ತದೆ. ಆಮೇಲೆ ಹಳದಿ, ಉದ್ದಕ್ಕೂ ಹಳದಿ. ಕೆಂಪು ಅದನ್ನು ಹಾದು ಕೊನೆಯ ಮೊಳದಲ್ಲಿ ಬರೀ ಬಿಳಿಗೆ ಬಂದು ನಿಲ್ಲುತ್ತದೆ. ಹತ್ತು ಮಿನಿಟು ಕಳೆಯುತ್ತದೆ, ಮಾಸ್ತರರು ಗಡಿಯಾರ ನೋಡುವುದಿಲ್ಲ.

"ಹೆಂಗೈತ್ರಿ?" ಎಂದು ಕೊನೆಗೆ ಮಾಸ್ತರರೇ ಕೇಳುತ್ತಾರೆ.

ಮಾಬುಬಿ ಇನ್ನೊಮ್ಮೆ ಆ ತುದಿಯಿಂದ ಈ ತುದಿಗೆ ನೋಡುತ್ತಾರೆ. "ಹನ್ನೊಂದನೇ ಮೊಳದ ಹತ್ರ ಕೆಂಪು ಒಂದೀಟು ಅವಸರ ಮಾಡೇತ್ರಿ," ಅನ್ನುತ್ತಾರೆ. "ಉಳದದ್ದೆಲ್ಲ ನಾ ಅನಕೊಂಡಂಗನ ಐತಿ."