ಮಂಡಿಯೂರದ ಚಿತ್ರ

ಹರಕೆ ಹೊರುವಾಗ ದೋಮಿತಿಲಾ ತನಗೆ ಚಿತ್ರ ಬರೆಯಲು ಬರುತ್ತದೆಯೇ ಇಲ್ಲವೇ ಎಂದು ಯೋಚಿಸಲಿಲ್ಲ. ಯೋಚಿಸುವ ಸ್ಥಿತಿಯಲ್ಲೂ ಇರಲಿಲ್ಲ. ತಾರಸಿಯ ಮೇಲೆ ಊರವರ ಬಟ್ಟೆ ಒಣಹಾಕುತ್ತಿದ್ದವಳು ಒದ್ದೆ ಹಚ್ಚಡದ ಸಮೇತ ಅಂಗಳಕ್ಕೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಪಟ್ಟಣದ ಆಸ್ಪತ್ರೆಯಲ್ಲಿ ಒಳಗೆ ಕಬ್ಬಿಣ ಕೂರಿಸಿ, ಜೀವ ಉಳಿದದ್ದೇ ದೊಡ್ಡದು, ಇನ್ನು ಕುರ್ಚಿಯೇ ಗತಿ ಎಂದು ಹೇಳಿ ಕಳಿಸಿದರು. ಮನೆಗೆ ಬಂದ ದಿನವೇ ಅವಳು ಮಂಚದ ಮೇಲಿಂದ, ನಮ್ಮ ಗಣಿಯ ಬಾಯಲ್ಲಿರುವ ಗುಡಿಯ ಸುರಂಗದ ಸ್ವಾಮಿಗೆ ಕೇಳಿಸುವ ಹಾಗೆ ಕೂಗಿದಳು.

"ನನ್ನನ್ನ ಎರಡು ಕಾಲ ಮೇಲೆ ನಿಲ್ಸು ನೋಡೋಣ! ನಿಲ್ಸಿದ್ರೆ ನಿನ್ನ ಗೋಡೆಗೆ ಚಿತ್ರ ತರ್ತೀನಿ. ದುಡ್ಡು ಕೊಟ್ಟು ಬರೆಸಿದ್ದಲ್ಲ, ನನ್ನ ಕೈಯಾರೆ ಬರೆದಿದ್ದು."

ಪಕ್ಕದಲ್ಲಿ ಸಾರಿನ ಬಟ್ಟಲು ಹಿಡಿದು ನಿಂತಿದ್ದ ನಾದಿನಿ ಒಬ್ದುಲಿಯಾ ಬಾಯಿ ಬಿಟ್ಟಳು. "ಅತ್ತಿಗೆ, ನಿಂಗೆ ಒಂದು ಕೋಳಿ ಬರೆಯೋಕೂ ಬರಲ್ವಲ್ಲೇ!"

"ಬಾಯಿಗೆ ಬಂದ್ಬಿಡ್ತು. ಈಗೇನು ಮಾಡ್ಲಿ, ನುಂಗ್ಲಾ?"

ನುಂಗುವ ಹಾಗಿರಲಿಲ್ಲ. ನಮ್ಮೂರಲ್ಲಿ ಪಾದ್ರಿಗೆ ಸುಳ್ಳು ಹೇಳಿದವರುಂಟು, ಗಂಡನಿಗೆ ಹೇಳಿದವರಂತೂ ಲೆಕ್ಕವಿಲ್ಲ. ಹರಕೆಯ ತಗಡಿನ ಮೇಲೆ ಮಾತ್ರ ಯಾರೂ ಸುಳ್ಳು ಬರೆಸುವುದಿಲ್ಲ. ಹರಕೆ ತೀರಿಸದಿದ್ದರೆ ಸ್ವಾಮಿ ಕೊಟ್ಟದ್ದನ್ನು ವಾಪಸು ತೆಗೆದುಕೊಳ್ಳುತ್ತಾನೆ. ಕಣ್ಣು ಬಂದ ಮೇಲೆ ಇವತ್ತು ನಾಳೆ ಎಂದು ತಳ್ಳಿದ ಹೇಸರಗತ್ತೆಯವನು ಮತ್ತೆ ಕುರುಡಾಗಿ ಸಂತೆಯ ಬಾಗಿಲಲ್ಲಿ ಕೂತಿದ್ದನ್ನು ಎಲ್ಲರೂ ನೋಡಿದ್ದಾರೆ. ಗುಡಿಯ ಗೋಡೆ ತುಂಬ ಅಂಗೈಯಗಲದ ತಗಡುಗಳು. ಮೇಲೊಂದು ಮೂಲೆಯಲ್ಲಿ ಮೋಡದ ನಡುವೆ ಸ್ವಾಮಿ, ಮಧ್ಯದಲ್ಲಿ ಆದ ಅನಾಹುತ, ಕೆಳಗೆ ಮಂಡಿಯೂರಿ ಕೈಮುಗಿದ ಭಕ್ತರು, ಅದರಡಿ ಎರಡು ಸಾಲು ಬರಹ. ಎಲ್ಲವನ್ನೂ ಬರೆಯುವವರು ದೊನ್ ಸಿರಿಲೋ. ನೀವು ದಪ್ಪಗಿರಿ, ಸಣ್ಣಗಿರಿ, ಅವರ ಕೈಯಲ್ಲಿ ಎಲ್ಲ ಹೆಂಗಸರೂ ಒಂದೇ ನೀಲಿ ಶಾಲಿನ, ಒಂದೇ ಮೂಗಿನ ಹೆಂಗಸು. ದೋಮಿತಿಲಾಗೆ ಆ ಹೆಂಗಸನ್ನು ಕಂಡರೆ ಮೊದಲಿನಿಂದಲೂ ಆಗುತ್ತಿರಲಿಲ್ಲ.

ಕುರ್ಚಿಯಲ್ಲಿ ಕೂತವಳ ಕೈಗೆ ಮೊದಲು ಸಿಕ್ಕಿದ್ದು ಒಲೆಯ ಇದ್ದಿಲು. ಮಡಿಲ ಮೇಲೆ ಹಲಗೆ ಇಟ್ಟು, ಸಕ್ಕರೆ ಕಟ್ಟಿಕೊಟ್ಟ ಕಂದು ಕಾಗದ ಹರಡಿ, ತಾನು ಬಿದ್ದ ತಾರಸಿಯನ್ನು ಬರೆಯಲು ಹೊರಟಳು. ಬೆರಳು ಬರೆದದ್ದನ್ನು ಹಿಂದಿನಿಂದ ಮೊಣಕೈ ಒರೆಸಿಕೊಂಡು ಬಂತು. ಸಂಜೆಯ ಹೊತ್ತಿಗೆ ಕಾಗದಕ್ಕಿಂತ ಅವಳ ಮುಖವೇ ಕಪ್ಪಾಗಿತ್ತು.

"ಅಯ್ಯೋ, ನಮ್ಮಣ್ಣ ಗಣಿಯಿಂದ ಎದ್ದು ಬಂದನೇನೋ ಅಂದ್ಕೊಂಡೆ," ಎಂದಳು ಒಬ್ದುಲಿಯಾ.

"ನಿಮ್ಮಣ್ಣ ಎದ್ದು ಬಂದಿದ್ರೆ ಮೊದ್ಲು ಊಟ ಕೇಳ್ತಿದ್ದ," ಎಂದಳು ದೋಮಿತಿಲಾ. ಗಣಿಯ ಧೂಳು ಕುಡಿದು ಸತ್ತ ಆ ಪುಣ್ಯಾತ್ಮನನ್ನು ನೆನೆದು ಇಬ್ಬರೂ ನಕ್ಕರು, ಒಬ್ಬಳು ಸ್ವಲ್ಪ ಅತ್ತಳು ಕೂಡ.

ಕಪ್ಪಾದ ಕಾಗದವನ್ನು ಬಿಸಾಡದೆ ಇಟ್ಟಿದ್ದೇ ಒಳ್ಳೆಯದಾಯಿತು. ಒಂದು ಬೆಳಿಗ್ಗೆ ಕಾಫಿಗೆ ಅದ್ದುವ ಬ್ರೆಡ್ಡಿನ ತಿರುಳು ಅದರ ಮೇಲೆ ಬಿತ್ತು. ಹೆಬ್ಬೆರಳಲ್ಲಿ ಒತ್ತಿ ತೆಗೆದರೆ ಆ ಜಾಗದಲ್ಲಿ ಕಪ್ಪು ಹೋಗಿ ಬೆಳಕಾಗಿತ್ತು. ದೋಮಿತಿಲಾ ಇನ್ನೊಂದು ಚೂರು ಒತ್ತಿದಳು, ಮತ್ತೊಂದು. ಹಗ್ಗದ ಮೇಲಿನ ಹಚ್ಚಡ ಗಾಳಿಗೆ ಉಬ್ಬಿಕೊಂಡು ಕತ್ತಲೆಯೊಳಗಿಂದ ಈಚೆ ಬಂತು. ಅಂದಿನಿಂದ ಮನೆಯ ಬ್ರೆಡ್ಡಿನಲ್ಲಿ ಅರ್ಧ ಹೊಟ್ಟೆಗೆ, ಅರ್ಧ ಕಾಗದಕ್ಕೆ. ಕಾಫಿಗೆ ಅದ್ದಲು ಬರೀ ಹೊರಗಿನ ಸಿಪ್ಪೆ ಸಿಗುತ್ತಿದೆ ಎಂದು ಒಬ್ದುಲಿಯಾ ಬೀದಿಗೆಲ್ಲ ಹೇಳಿಕೊಂಡು ಬಂದಳು.

ಆಮೇಲೆ ಶಾಲೆಯ ಮಕ್ಕಳ ನೀರುಬಣ್ಣದ ಡಬ್ಬಿ ಬಂತು. ಬಳಿದ ಆಕಾಶ ಇಳಿದು ತಾರಸಿಗೆ ನುಗ್ಗಿತು, ತಾರಸಿ ಇಳಿದು ದೋಮಿತಿಲಾಳ ಲಂಗಕ್ಕೆ ಬಂತು.

"ಕಾಗದ ಸರಿಯಿಲ್ಲ."

"ಕುಣೀಲಾರದವ್ಳು ನೆಲ ಡೊಂಕು ಅಂದ್ಲಂತೆ," ಎಂದು ಒಳಗಿನಿಂದ ಒಬ್ದುಲಿಯಾ ಕೂಗಿದಳು.

ಆದರೆ ಜೀವಮಾನವೆಲ್ಲ ನೀರಿನಲ್ಲೇ ಕೈಯಿಟ್ಟವಳನ್ನು ನೀರು ಎಷ್ಟು ದಿನ ಆಟವಾಡಿಸೀತು? ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿಗೆ ತೆಗೆಯುವ ಹದ ಅವಳಿಗೆ ಗೊತ್ತು. ಪೂರ್ತಿ ಒದ್ದೆಯಲ್ಲ, ಪೂರ್ತಿ ಒಣಗಿದ್ದಲ್ಲ, ಕೆನ್ನೆಗೆ ಇಟ್ಟರೆ ತಣ್ಣಗಿರಬೇಕು. ಕಾಗದವನ್ನು ನೆನೆಸಿ ಹಾಗೇ ಕೆನ್ನೆಗೆ ಇಟ್ಟು ನೋಡಿ ಬಣ್ಣ ಬಿಟ್ಟಳು. ಆಕಾಶ ಹೇಳಿದಲ್ಲೇ ನಿಂತಿತು. ದೋಮಿತಿಲಾ ಕಾಗದ ಎತ್ತಿ ಹಿಡಿದು, "ಬಾರೇ ಇಲ್ಲಿ, ನೆಲ ನೋಡು, ಡೊಂಕಾಗಿದ್ಯಾ?" ಎಂದಳು.

ಹಿತ್ತಿಲ ಪಾಪಾಸುಕಳ್ಳಿಗೆ ಬಿಳಿ ಬೂದಿ ಹೊದ್ದ ಹುಳು ಹತ್ತಿದ್ದವು. ಹೊಸಕಿದರೆ ರಕ್ತದಂಥ ಕೆಂಪು. ಅದಕ್ಕೆ ನಿಂಬೆರಸ ಹಿಂಡಿದಾಗ ಬೆಂಕಿಯ ಬಣ್ಣ ಬಂತು, ಮೆಕ್ಕೆಜೋಳ ನೆನೆಹಾಕಿದ ಸುಣ್ಣದ ನೀರು ಬಿಟ್ಟಾಗ ನೇರಳೆಗೆ ತಿರುಗಿತು. ದೋಮಿತಿಲಾ ಒಬ್ಬಳೇ ಕೂತು ಜೋರಾಗಿ ನಕ್ಕಳು. ಇಷ್ಟು ವರ್ಷ ಬಟ್ಟೆಯಿಂದ ಬಣ್ಣ ತೆಗೆಯುವುದೇ ಅವಳ ಕಸುಬಾಗಿತ್ತು. ಆ ತಿಂಗಳು ಮನೆಯಲ್ಲಿ ಕೆಂಪು ಕೋಳಿ, ಕೆಂಪು ಒಲೆ, ಕೆಂಪು ಒಬ್ದುಲಿಯಾ. ಗೋಡೆಗೆ ಅಂಟಿಸಿದ್ದೆಲ್ಲ ಬಿಸಿಲು ತಿಂದು ಹಳೇ ರವಿಕೆಯಂತಾದಾಗ, ಇದು ಸ್ವಾಮಿಯ ಗೋಡೆಗೆ ಆಗದು ಎಂದು ಬಿಟ್ಟಳು.

ಅಷ್ಟರಲ್ಲಿ ಒಂದು ಬೆಳಿಗ್ಗೆ ಮೇಜು ಹಿಡಿದು ಎದ್ದು ನಿಂತಳು. ಮೊದಲು ಮೇಜು, ಆಮೇಲೆ ಗೋಡೆ, ಆಮೇಲೆ ಕೋಲು. ಒಬ್ದುಲಿಯಾ ಬೀದಿಗೆ ಓಡಿ ಎಲ್ಲರನ್ನೂ ಕರೆದಳು. ಸ್ವಾಮಿ ತನ್ನ ಮಾತು ನಡೆಸಿಕೊಟ್ಟಿದ್ದ. ಇನ್ನು ಸರದಿ ದೋಮಿತಿಲಾಳದು.

ಗೋಡೆಗೆ ತಗಡೇ ಆಗಬೇಕು. ಅಡುಗೆಯ ಹಂದಿಕೊಬ್ಬಿನ ಡಬ್ಬದ ಮುಚ್ಚಳವನ್ನು ಬಡಿದು ಸಮ ಮಾಡಿ, ಮೊಟ್ಟೆಯ ಹಳದಿಗೆ ಇಟ್ಟಿಗೆ ಪುಡಿ, ಮಸಿ ಕಲಸಿ ಬರೆದಳು. ಹೊಳಪು ಚೆನ್ನಾಗಿಯೇ ಬಂತು. ಬೆಳಗಾಗುವುದರೊಳಗೆ ಇರುವೆಗಳು ಸ್ವಾಮಿಯ ಪಾದದಿಂದ ಶುರುಮಾಡಿ ಮೊಣಕಾಲಿನವರೆಗೆ ತಿಂದು ಮುಗಿಸಿದ್ದವು.

ಒಬ್ದುಲಿಯಾ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. "ಸ್ವಾಮಿ ಕಾಲನ್ನೇ ಇರುವೆಗೆ ಹಾಕಿದ್ಯಲ್ಲ! ಇನ್ನು ನಿನ್ನ ಕಾಲು ಉಳಿಯತ್ತಾ?"

ಆ ಮಾತು ದೋಮಿತಿಲಾಗೆ ನಾಟಿತು. ಮಾರನೆಯ ದಿನವೇ ಬಾಗಿಲಿಗೆ ಬಳಿಯುವ ಎಣ್ಣೆಬಣ್ಣ ತಂದು ಬಳಿದರೆ, ಅದು ತಗಡಿನ ಮೇಲೆ ಕೂರದೆ ಹನಿಹನಿಯಾಗಿ ಸರಿಯಿತು. ಕೋಲೂರಿಕೊಂಡು ದೊನ್ ಸಿರಿಲೋ ಅಂಗಡಿಗೆ ಹೋದಳು.

"ತಗಡಿಗೆ ಮೊದ್ಲು ಏನು ಹಚ್ತೀರ, ದೊನ್ ಸಿರಿಲೋ?"

"ಹೇಳಿದ್ರೆ ನಾನು ಊಟಕ್ಕೇನು ಮಾಡ್ಲಮ್ಮಾ? ಐದು ದಿನ ಬಿಟ್ಟು ಬನ್ನಿ, ನಾನೇ ಬರೆದು ಕೊಡ್ತೀನಿ. ನಿಮಗೆ ಅಂತ ಚೆನ್ನಾಗಿರೋ ಶಾಲು ಹಾಕ್ತೀನಿ."

ದೋಮಿತಿಲಾ ಅಲ್ಲಿದ್ದ ಖಾಲಿ ತಗಡೊಂದನ್ನು ಎತ್ತಿ ಮೂಗಿಗೆ ಹಿಡಿದಳು. ಹಿಡಿದು, "ಬೆಳ್ಳುಳ್ಳಿ!" ಎಂದಳು. ದೊನ್ ಸಿರಿಲೋ ಮುಖ ಹರಳೆಣ್ಣೆ ಕುಡಿದಂತಾಯಿತು.

ಬೆಳ್ಳುಳ್ಳಿ ಉಜ್ಜಿದ ತಗಡಿಗೆ ಬಣ್ಣ ಗಟ್ಟಿಯಾಗಿ ಕಚ್ಚಿಕೊಂಡಿತು. ತಾರಸಿ ಬರೆದಳು, ಇದ್ದಿಲು ಕಲಿಸಿದಂತೆ ಕಪ್ಪಿನಿಂದ ಹಚ್ಚಡ ಎಬ್ಬಿಸಿದಳು, ಮೋಡ ಬರೆದಳು, ಸ್ವಾಮಿಗೆ ಎರಡೂ ಕಾಲು ಗಟ್ಟಿಯಾಗಿ ಬರೆದಳು. ಉಳಿದದ್ದು ಮಂಡಿಯೂರಿದ ತಾನು. ಮಂಡಿ ಹೇಗೆ ಮಡಚುತ್ತದೆ ಎಂದು ನೋಡಿಕೊಳ್ಳಲು ಕನ್ನಡಿಯ ಮುಂದೆ ಊರಲು ಹೋದರೆ ಸೊಂಟದೊಳಗಿನ ಕಬ್ಬಿಣ ಅರ್ಧಕ್ಕೇ ತಡೆಯಿತು. ಅತ್ತ ಕೆಳಗಿಳಿಯಲಾರಳು, ಇತ್ತ ಏಳಲಾರಳು. ಒಬ್ದುಲಿಯಾ ಬಂದು ಎತ್ತುವವರೆಗೆ ಹಾಗೇ ನೇತಾಡುತ್ತಿದ್ದಳು. ಎದ್ದವಳು ಕುಂಚ ತೆಗೆದುಕೊಂಡು ತನ್ನನ್ನು ನಿಂತಿರುವಂತೆ ಬರೆದಳು. ಚಿತ್ರದವಳು ಕೈಮುಗಿದಿರಲಿಲ್ಲ, ಕೈ ಸೊಂಟದ ಮೇಲಿತ್ತು. ಕೆಳಗೆ ಬರೆದಳು: 'ಸುರಂಗದ ಸ್ವಾಮಿಗೆ ದೋಮಿತಿಲಾ. ನಿಲ್ಲಿಸು ಅಂದೆ, ನಿಲ್ಲಿಸಿದೆ. ಇಗೋ, ನಿಂತಿದ್ದೀನಿ.'

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಪಾದ್ರಿ ಹದಿನೈದು ದಿನಕ್ಕೊಮ್ಮೆ ಬರುವ ನಮ್ಮೂರಲ್ಲಿ ಗುಡಿಯ ಬೀಗ, ಗಂಟೆ, ಗೋಡೆ ಎಲ್ಲವೂ ಮುದುಕ ಎವಾರಿಸ್ತೋ ಕೈಯಲ್ಲಿ. ಗುಡಿಯ ಕಸ ಗುಡಿಸಲು ಸೇರಿದವನು ಈಗ ಸ್ವಾಮಿಯ ಪರವಾಗಿ ಮಾತಾಡುತ್ತಾನೆ. ತಗಡನ್ನು ನೋಡಿದವನೇ ತಲೆಯಾಡಿಸಿದ.

"ಇದೇನೇ, ಜಗಳಕ್ಕೆ ನಿಂತ ಹಾಗೆ ನಿಂತಿದ್ದೀಯ! ಮಂಡಿ ಎಲ್ಲಿ?"

"ಮಂಡಿ ಬಗ್ಗಲ್ಲ, ದೊನ್ ಎವಾರಿಸ್ತೋ."

"ನಿಜವಾಗ್ಲೂ ಊರು ಅಂತ ನಾನಂದ್ನಾ? ಚಿತ್ರದಲ್ಲಿ ಊರು. ಬಣ್ಣದ ಕಾಲಿಗೇನು ನೋವಾಗತ್ತಾ?"

"ನಾನು ನಿಲ್ಸು ಅಂತ ಕೇಳಿದ್ದು. ಮಂಡಿಯೂರಿ ಬರೆದ್ರೆ, ಇವಳಿಗೆ ಕೊಟ್ಟಿದ್ದು ಮುಟ್ಟೇ ಇಲ್ಲ ಅಂದ್ಕೊಳ್ಳಲ್ವಾ ಅವನು?"

"ಅವನು ಏನಂದ್ಕೊಳ್ತಾನೆ ಅಂತ ನೀನು ನಂಗೆ ಹೇಳ್ಕೊಡ್ಬೇಡ. ಶಿಲುಬೆ ಹಬ್ಬದೊಳಗೆ ಸಿರಿಲೋ ಹತ್ರ ಮಂಡಿ ಬರೆಸ್ಕೊಂಡು ಬಾ. ಇಲ್ದಿದ್ರೆ ಈ ಗೋಡೆಗೆ ಮೊಳೆ ಬೀಳಲ್ಲ."

ಮನೆಗೆ ಬಂದ ಮೇಲೆ ಒಬ್ದುಲಿಯಾ ಈ ಸಲ ಅಣಕಿಸಲಿಲ್ಲ, ಅತ್ತಳು. "ಎರಡು ಗೆರೆ, ಅತ್ತಿಗೆ. ಕಾಲು ಮಡಚಿಬಿಡು. ಅವನು ವಾಪಸ್ ತಗೊಂಡ್ರೆ? ನಿನ್ನನ್ನ ಮತ್ತೆ ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ಎತ್ತೋ ಶಕ್ತಿ ನಂಗಿಲ್ಲ."

ದೋಮಿತಿಲಾಗೂ ಹೆದರಿಕೆಯೇ. ಕುಂಚವನ್ನು ಕಪ್ಪಿಗೆ ಅದ್ದಿ ತಗಡಿನ ಹತ್ತಿರ ತಂದಳು. ಕಾಲಿನ ಮೇಲೆ ಒಂದು ಲಂಗ ಹರಡಿ ಮುಚ್ಚಿದರೂ ಸಾಕಾಗಿತ್ತು. ತುಂಬ ಹೊತ್ತು ನೋಡಿ ಕುಂಚ ತೊಳೆದಿಟ್ಟಳು. "ಇಲ್ಲ ಕಣೇ," ಎಂದಳು. "ಆಗಲ್ಲ."

ಹಬ್ಬದ ದಿನ ಜನ ಬಾಗಿಲಿನಿಂದಲೇ ಮಂಡಿಯಲ್ಲಿ ತೆವಳಿಕೊಂಡು ಸ್ವಾಮಿಯವರೆಗೆ ಹೋಗುವುದು ವಾಡಿಕೆ. ದೋಮಿತಿಲಾ ಕೋಲನ್ನು ಹೊರಗೇ ಬಿಟ್ಟು ಒಳಬಂದಳು. ಗೋಡೆಯ ಪಕ್ಕ ನಿಂತು ತಗಡನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು. ಗೋಡೆ ಚಿತ್ರ ಹಿಡಿಯದಿದ್ದರೆ ತಾನು ಹಿಡಿಯುತ್ತೇನೆ ಎಂದು ನಿರ್ಧರಿಸಿಯೇ ಬಂದಿದ್ದಳು.

ತೆವಳಿ ಬರುವವರ ಕಣ್ಣಿಗೆ ತಗಡು ನೇರಕ್ಕೇ ಸಿಗುತ್ತಿತ್ತು. ಮೊದಲು ಒಬ್ಬ ಮುದುಕ ಗಣಿಯವನು ತೆವಳುವುದನ್ನು ನಿಲ್ಲಿಸಿ, ಅಕ್ಷರ ಕೂಡಿಸಿಕೊಂಡು ಓದಿ, ಕಿಸಕ್ಕನೆ ನಕ್ಕ. ಆಮೇಲೆ ಟೋಪಿ ತೆಗೆದ. ಹಿಂದಿನವಳು ಏನೆಂದು ಬಗ್ಗಿ ನೋಡಿ, ಕೈಯಲ್ಲಿದ್ದ ಮೇಣದಬತ್ತಿಯನ್ನು ಅಲ್ಲೇ ದೋಮಿತಿಲಾಳ ಕಾಲ ಬುಡದಲ್ಲಿ ಹಚ್ಚಿಟ್ಟಳು. ಇನ್ನೊಬ್ಬಳೂ ಇಟ್ಟಳು. ಸಾಲು ಅಲ್ಲೇ ಕಟ್ಟಿಕೊಂಡಿತು. ಎವಾರಿಸ್ತೋ ಜನರನ್ನು ದಾಟಿಕೊಂಡು ಓಡಿಬಂದ.

"ಜನ ನಿನಗೆ ಮಂಡಿಯೂರ್ತಿದಾರಲ್ಲೇ, ಪಾಪಿ! ಈಚೆ ಬಾ!"

"ಮೊಳೆ ಹೊಡೀರಿ, ಬರ್ತೀನಿ."

"ಕಾಲು ನಡುಗ್ತಿದೆ, ಕೂತ್ಕೋ!"

"ನಡುಗ್ಲಿ. ಕೂತ್ರೆ ನೀವು ಹೇಳಿದ್ದೇ ಗೆಲ್ಲತ್ತೆ."

ಎವಾರಿಸ್ತೋ ಸುತ್ತ ನೋಡಿದ. ಯಾರೂ ಅವನ ಕಡೆ ಇರಲಿಲ್ಲ. ಸಿಟ್ಟಿನಿಂದ ಒಳಗೆ ಹೋಗಿ ಸುತ್ತಿಗೆ ಮೊಳೆ ತಂದು ಬೆಂಚಿನ ಮೇಲೆ ಎಸೆದ. "ಕೈಯಾರೆ ಅಂದ್ಯಲ್ಲ, ಕೈಯಾರೆ ಹೊಡ್ಕೋ. ಜಾಗ ಇರೋದು ಮೇಲ್ಗಡೆ ಮಾತ್ರ."

ನಿಜ, ಕೆಳಗೆಲ್ಲ ಗೋಡೆ ತುಂಬಿತ್ತು. ಬೆಂಚು ಹತ್ತಬೇಕು. ತಾರಸಿಯಿಂದ ಬಿದ್ದ ಮೇಲೆ ದೋಮಿತಿಲಾ ಹೊಸಲಿಗಿಂತ ಎತ್ತರದ್ದನ್ನು ಹತ್ತಿರಲಿಲ್ಲ. ಒಳ್ಳೆಯ ಕಾಲನ್ನು ಮೇಲಿಟ್ಟಳು. ಇನ್ನೊಂದು ಬರಲಿಲ್ಲ. ಆಗ ಸಾಲಿನ ಮಧ್ಯದಲ್ಲಿ ಮಂಡಿಯೂರಿದ್ದ ಒಬ್ದುಲಿಯಾ ಎದ್ದಳು. ಎಲ್ಲರೂ ಮಂಡಿಯಲ್ಲಿರುವಾಗ ಒಬ್ಬಳೇ ನಡೆದುಬಂದು ಅತ್ತಿಗೆಯ ಸೊಂಟಕ್ಕೆ ಎರಡೂ ತೋಳು ಸುತ್ತಿ ಎತ್ತಿದಳು.

"ಹೊಡಿ ಬೇಗ. ಬಿದ್ರೆ ಇಬ್ರೂ ಬೀಳೋಣ."

ದೋಮಿತಿಲಾ ಹೊಡೆದಳು. ಮೊದಲ ಏಟು ಬೆರಳಿಗೆ, ಆಮೇಲಿನದೆಲ್ಲ ಮೊಳೆಗೆ. ತಗಡು ಗೋಡೆಗೆ ಕೂತಿತು.

"ಮೂಗು ಸೊಟ್ಟ," ಎಂದು ಕೆಳಗಿನಿಂದ ಎವಾರಿಸ್ತೋ ಗೊಣಗಿದ.

"ಮೂಗಿಗೆ ಹರಕೆ ಹೊತ್ತಿಲ್ಲ. ಅದನ್ನ ಇನ್ನೂ ಕಲೀತಿದ್ದೀನಿ."

ಬೆಂಚಿನ ಮೇಲಿಂದ ಸ್ವಾಮಿಯ ಮುಖ ಅವಳಿಗೆ ಸರಿಸಮಕ್ಕೆ ಕಾಣುತ್ತಿತ್ತು. ಕೆಳಗಿನಿಂದ ನೋಡಿದಾಗ ಸಿಟ್ಟಿನವನಂತೆ ಕಾಣುತ್ತಿದ್ದವನು ಇಲ್ಲಿಂದ ಬರೀ ದಣಿದವನಂತೆ ಕಂಡ. ದೋಮಿತಿಲಾ ಸುತ್ತಿಗೆಯನ್ನು ಕೆಳಗೆ ಕೊಟ್ಟು, ಅವನಿಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದಳು.

"ಹೇಳಿದ್ದನ್ನ ತಂದಿದ್ದೀನಿ. ಇನ್ನು ಈ ಕಾಲು ವಾಪಸ್ ಕೇಳ್ಬೇಡ."